ಹಲಗೆಯಿಂದ ಗೋಡೆಗೆ: ಲಡ್ಲೋ ಬೀದಿಯ ಒಂದು ಪುಟ್ಟ ಗ್ಯಾಲರಿಯ ಇತಿಹಾಸ

ಸುಮಾರು ಎರಡೂವರೆ ಅಡಿ ಉದ್ದ, ಎಂಟು ಅಂಗುಲ ಅಗಲದ ಒಂದು ಮರದ ಹಲಗೆ. ಅದರ ಅಡಿಯಲ್ಲಿ ಲೋಹದ ಎರಡು ಆಕ್ಸಲ್‌ಗಳು, ನಾಲ್ಕು ಪುಟ್ಟ ಗಾಲಿಗಳು. ಇದಕ್ಕೆ ಎಂಜಿನ್ ಇಲ್ಲ, ಬ್ರೇಕ್ ಇಲ್ಲ, ಹಿಡಿದುಕೊಳ್ಳಲು ಹಿಡಿಕೆಯೂ ಇಲ್ಲ. ಒಂದು ಕಾಲನ್ನು ಹಲಗೆಯ ಮೇಲಿಟ್ಟು ಇನ್ನೊಂದು ಕಾಲಿನಿಂದ ನೆಲವನ್ನು ಒದ್ದರೆ ಮುಂದೆ ಸಾಗುತ್ತದೆ. ಇದೇ ಸ್ಕೇಟ್‌ಬೋರ್ಡ್. ನೋಡಲು ಮಕ್ಕಳ ಆಟಿಕೆಯಂತೆ ಕಾಣುವ ಈ ಹಲಗೆಗೂ ಇಪ್ಪತ್ತನೆಯ ಶತಮಾನದ ಕೊನೆಯ ಚಿತ್ರಕಲೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ಸಂಬಂಧವನ್ನು ತಿಳಿಯಬೇಕಾದರೆ ನ್ಯೂಯಾರ್ಕ್ ನಗರದ ಲಡ್ಲೋ ಎಂಬ ಬೀದಿಯಲ್ಲಿ 1992ರಲ್ಲಿ ಬಾಗಿಲು ತೆರೆದು, 2002ರ ಹೊತ್ತಿಗೆ ಮುಚ್ಚಿಹೋದ ಒಂದು ಚಿಕ್ಕ ಗ್ಯಾಲರಿಯ ಕಥೆಯನ್ನು ಕೇಳಬೇಕು. ಅದರ ಹೆಸರು ‘ಅಲೆಜ್ಡ್ ಗ್ಯಾಲರಿ’.

ಈ ಹೆಸರೇ ಒಂದು ತಮಾಷೆ. ಪತ್ರಿಕೆಗಳಲ್ಲಿ ‘ಕಳವು ಮಾಡಿದನೆನ್ನಲಾದ ವ್ಯಕ್ತಿ’ ಎಂದು ಓದುತ್ತೇವಲ್ಲ, ಆ ‘ಎನ್ನಲಾದ’ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ‘ಅಲೆಜ್ಡ್’ ಎನ್ನುತ್ತಾರೆ. ಅಂದರೆ ಇದು ‘ಗ್ಯಾಲರಿ ಎನ್ನಲಾದ’ ಒಂದು ಸ್ಥಳ. ಹತ್ತು ವರ್ಷಗಳ ಬಳಿಕ ಅಮೆರಿಕದ ದೊಡ್ಡ ವಸ್ತುಸಂಗ್ರಹಾಲಯಗಳು ಇಲ್ಲಿಂದ ಬಂದವರ ಚಿತ್ರಗಳನ್ನು ತಮ್ಮ ಗೋಡೆಗಳ ಮೇಲೆ ತೂಗುಹಾಕಿದವು. ಈ ಬದಲಾವಣೆ ಹೇಗಾಯಿತು, ಅದರಲ್ಲಿ ದಕ್ಕಿದ್ದೇನು, ಕಳೆದುಹೋದದ್ದೇನು ಎಂಬುದೇ ಇಲ್ಲಿ ನಾವು ನೋಡಬೇಕಾದ ವಿಷಯ.

ಅಲೆಯಿಂದ ಬೀದಿಗೆ

ಸ್ಕೇಟ್‌ಬೋರ್ಡ್ ಹುಟ್ಟಿದ್ದು 1950ರ ದಶಕದಲ್ಲಿ, ಅಮೆರಿಕದ ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯಾದಲ್ಲಿ. ಅಲೆಗಳ ಮೇಲೆ ಹಲಗೆಯಲ್ಲಿ ತೇಲುವ ಸರ್ಫಿಂಗ್ ಅಲ್ಲಿನ ತರುಣರ ಅಚ್ಚುಮೆಚ್ಚಿನ ಆಟ. ಕಡಲಿನಲ್ಲಿ ಅಲೆಗಳಿಲ್ಲದ ದಿನಗಳಲ್ಲಿ ಏನು ಮಾಡಬೇಕು? ಹಳೆಯ ರೋಲರ್ ಸ್ಕೇಟ್‌ಗಳ ಗಾಲಿಗಳನ್ನು ಹಲಗೆಗೆ ಮೊಳೆ ಹೊಡೆದು ರಸ್ತೆಗಿಳಿದರು. ಮೊದಲಿಗೆ ಉಕ್ಕಿನ ಗಾಲಿಗಳು, ಬಳಿಕ ಜೇಡಿಮಣ್ಣಿನ ಮಿಶ್ರಣದ ಗಾಲಿಗಳು. ಎರಡೂ ನೆಲವನ್ನು ಸರಿಯಾಗಿ ಕಚ್ಚುತ್ತಿರಲಿಲ್ಲ. ಚಿಕ್ಕದೊಂದು ಕಲ್ಲು ಅಡ್ಡ ಬಂದರೆ ಸವಾರ ನೆಲಕ್ಕುರುಳುತ್ತಿದ್ದ. 1960ರ ದಶಕದ ನಡುವಿನಲ್ಲಿ ಹಲವು ನಗರಗಳು ಇದನ್ನು ನಿಷೇಧಿಸಿದ್ದರಿಂದ ಆಟ ಬಹುತೇಕ ನಿಂತೇ ಹೋಯಿತು.

ಅದಕ್ಕೆ ಮರುಜೀವ ಕೊಟ್ಟದ್ದು ಒಂದು ರಾಸಾಯನಿಕ ವಸ್ತು. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನ್ಯಾಸ್ವರ್ದಿ ಎಂಬಾತ ಯುರಿಥೇನ್‌ನಿಂದ ಮಾಡಿದ ಗಾಲಿಗಳನ್ನು ಮಾರುಕಟ್ಟೆಗೆ ತಂದ. ಇವು ಮೆದುವಾಗಿದ್ದರೂ ಗಟ್ಟಿ, ನೆಲವನ್ನು ಚೆನ್ನಾಗಿ ಕಚ್ಚಿಹಿಡಿಯುತ್ತಿದ್ದವು. 1976 ಮತ್ತು 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀವ್ರ ಬರಗಾಲ ಬಿತ್ತು. ಶ್ರೀಮಂತರ ಮನೆಯಂಗಳದ ಈಜುಕೊಳಗಳು ಬರಿದಾದವು. ನೀರಿಲ್ಲದ ಆ ಕೊಳಗಳ ಬಾಗಿದ ಗೋಡೆಗಳು ತರುಣರ ಕಣ್ಣಿಗೆ ಗಟ್ಟಿಯಾಗಿ ನಿಂತ ಅಲೆಗಳಂತೆ ಕಂಡವು. ಬೇಲಿ ಹಾರಿ ಒಳಗಿಳಿದು, ಆ ಗೋಡೆಗಳ ಮೇಲೆ ಏರಿಳಿಯತೊಡಗಿದರು. ಬರಗಾಲವು ಒಂದು ಆಟದ ಸ್ವರೂಪವನ್ನೇ ಬದಲಿಸಿದ್ದು ಇತಿಹಾಸದ ವಿಚಿತ್ರಗಳಲ್ಲಿ ಒಂದು.

ಆಮೇಲೆ ಹಣ ತೆಗೆದುಕೊಂಡು ಆಡಗೊಡುವ ಸ್ಕೇಟ್‌ಪಾರ್ಕ್‌ಗಳು ಬಂದವು. ಆದರೆ ಅಪಘಾತದ ವಿಮೆಯ ಕಂತು ಹೊರಲಾರದಷ್ಟು ಏರಿದ್ದರಿಂದ 1980ರ ಸುಮಾರಿಗೆ ಅವುಗಳಲ್ಲಿ ಬಹುಪಾಲು ಮುಚ್ಚಿದವು. ಆಟಗಾರರಿಗೆ ಉಳಿದದ್ದು ಬೀದಿ ಮಾತ್ರ. ಫ್ಲಾರಿಡಾದ ಅಲನ್ ಗೆಲ್ಫಾಂಡ್ ಎಂಬ ಹುಡುಗ 1970ರ ದಶಕದ ಕೊನೆಯಲ್ಲಿ ಕೈಯಿಂದ ಹಿಡಿಯದೆಯೇ ಹಲಗೆಯ ಸಮೇತ ಗಾಳಿಗೆ ಚಿಮ್ಮುವ ವಿದ್ಯೆಯನ್ನು ಕಂಡುಕೊಂಡಿದ್ದ. ಅದಕ್ಕೆ ‘ಆಲಿ’ ಎಂದು ಹೆಸರು. ಇದನ್ನು ಸಮತಟ್ಟಾದ ನೆಲದ ಮೇಲೂ ಮಾಡಬಹುದೆಂದು 1980ರ ದಶಕದ ಆರಂಭದಲ್ಲಿ ರಾಡ್ನಿ ಮಲನ್ ತೋರಿಸಿಕೊಟ್ಟ. ಹಲಗೆಯ ಬಾಲವನ್ನು ಕಾಲಿನಿಂದ ನೆಲಕ್ಕೆ ಬಡಿದು, ಅದು ಮೇಲೇಳುವಾಗ ಮುಂಗಾಲಿನಿಂದ ಉಜ್ಜುತ್ತಾ ಮಟ್ಟಕ್ಕೆ ತರುವುದೇ ಇದರ ಗುಟ್ಟು. ಇದಾದ ಮೇಲೆ ನಗರದ ಮೆಟ್ಟಿಲು, ಕಂಬಿ, ಬೆಂಚು, ಕಟ್ಟೆಗಳೆಲ್ಲ ಆಟದ ಸಲಕರಣೆಗಳಾದವು. ಕುಳಿತುಕೊಳ್ಳಲೆಂದು ಕಟ್ಟಿದ ಬೆಂಚಿಗೆ, ಹಿಡಿದು ಹತ್ತಲೆಂದು ಹಾಕಿದ ಕಂಬಿಗೆ ಹೊಸದೊಂದು ಉಪಯೋಗ ಬಂತು. ನಗರವನ್ನು ಹೀಗೆ ಬೇರೆಯಾಗಿ ನೋಡುವ ಕಣ್ಣೇ ಮುಂದೆ ಚಿತ್ರಕಲೆಗೂ ಬಂತೆಂಬುದನ್ನು ನಾವು ನೆನಪಿಡಬೇಕು.

ಹಲಗೆಯ ಅಡಿಯ ಚಿತ್ರ

ಸ್ಕೇಟ್‌ಬೋರ್ಡಿನ ಹಲಗೆಯನ್ನು ಸಾಮಾನ್ಯವಾಗಿ ಮೇಪಲ್ ಮರದ ಏಳು ತೆಳು ಪದರಗಳನ್ನು ಅಂಟಿಸಿ, ಒತ್ತಿ ತಯಾರಿಸುತ್ತಾರೆ. ಕಾಲು ಜಾರದಿರಲೆಂದು ಮೇಲ್ಭಾಗಕ್ಕೆ ಉಪ್ಪುಕಾಗದದಂಥ ಒರಟು ಹಾಳೆಯನ್ನು ಅಂಟಿಸುತ್ತಾರೆ. ಹೀಗಾಗಿ ಚಿತ್ರಕ್ಕೆ ಉಳಿಯುವುದು ಅಡಿಭಾಗ ಮಾತ್ರ. ನಮ್ಮ ಊರುಗಳಲ್ಲಿ ಮದುವೆಯ ಕಾಗದ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ವಿಧಾನದಿಂದಲೇ 1980ರ ದಶಕದಲ್ಲಿ ಈ ಚಿತ್ರಗಳನ್ನು ಅಚ್ಚು ಹಾಕುತ್ತಿದ್ದರು. ಜಿಮ್ ಫಿಲಿಪ್ಸ್ ಸಾಂತಾ ಕ್ರೂಸ್ ಕಂಪನಿಗಾಗಿ ಬರೆದ ‘ಕಿರುಚುವ ಕೈ’, ವರ್ನನ್ ಕೋರ್ಟ್‌ಲ್ಯಾಂಡ್ ಜಾನ್ಸನ್ ಪವೆಲ್ ಪೆರಾಲ್ಟಾ ಕಂಪನಿಗಾಗಿ ಬರೆದ ತಲೆಬುರುಡೆ ಮತ್ತು ಅಸ್ಥಿಪಂಜರಗಳು ಲಕ್ಷಾಂತರ ಮಕ್ಕಳ ಕೈ ಸೇರಿದವು. ಆ ಮಕ್ಕಳಲ್ಲಿ ಎಷ್ಟೋ ಮಂದಿ ಕಲಾಗ್ಯಾಲರಿಯ ಮೆಟ್ಟಿಲನ್ನು ಹತ್ತಿದವರಲ್ಲ. ಅವರು ತಮ್ಮದೆಂದು ಹೇಳಿಕೊಂಡ ಮೊದಲ ಚಿತ್ರ ಈ ಹಲಗೆಯ ಅಡಿಯಲ್ಲಿತ್ತು.

ಈ ಚಿತ್ರದ ಬಾಳು ಮಾತ್ರ ಬಹಳ ಚಿಕ್ಕದು. ಆಟಗಾರ ಕಂಬಿಯ ಮೇಲೆ ಹಲಗೆಯನ್ನು ಜಾರಿಸಿದಾಗಲೆಲ್ಲ ಚಿತ್ರದ ಒಂದು ಭಾಗ ಸವೆದು ಹೋಗುತ್ತದೆ. ಕೆಲವೇ ವಾರಗಳಲ್ಲಿ ಬಣ್ಣವೆಲ್ಲ ಕೆರೆದು ಮರ ಕಾಣತೊಡಗುತ್ತದೆ. ಗೋಡೆಯ ಮೇಲಿನ ಚಿತ್ರಕ್ಕೆ ಗೀರು ಬಿದ್ದರೆ ನಷ್ಟ. ಇಲ್ಲಿ ಗೀರು ಬಿದ್ದರೆ ಅದು ಆಟ ನಡೆದದ್ದರ ಸಾಕ್ಷಿ. ಅಳಿಯುವುದಕ್ಕೆಂದೇ ಹುಟ್ಟಿದ ಈ ಕಲೆಯನ್ನು ಕಾಪಿಡುವುದು ಹೇಗೆ ಎಂಬ ಪ್ರಶ್ನೆ ಮುಂದೆ ದೊಡ್ಡದಾಯಿತು.

1990ರ ಸುಮಾರಿಗೆ ಸ್ಕೇಟ್‌ಬೋರ್ಡ್ ವ್ಯಾಪಾರ ಮತ್ತೊಮ್ಮೆ ಕುಸಿಯಿತು. ದೊಡ್ಡ ಕಂಪನಿಗಳು ಬಡವಾದವು. ಆಟಗಾರರೇ ನಡೆಸುವ ಸಣ್ಣ ಕಂಪನಿಗಳು ಹುಟ್ಟಿಕೊಂಡವು. ಇಪ್ಪತ್ತರ ಆಸುಪಾಸಿನ ಹುಡುಗರು ತಮ್ಮ ಹಲಗೆಗೆ ತಾವೇ ಚಿತ್ರ ಬರೆದರು, ಜಾಹೀರಾತನ್ನು ತಾವೇ ರಚಿಸಿದರು. ಬರಹ, ಛಾಯಾಚಿತ್ರಗಳನ್ನು ಜೆರಾಕ್ಸ್ ಮಾಡಿ, ಪಿನ್ ಹೊಡೆದು ಪುಟ್ಟ ಪತ್ರಿಕೆಗಳನ್ನು ಹಂಚಿದರು. ಕೈಯಲ್ಲಿ ಹಿಡಿಯುವ ವಿಡಿಯೋ ಕ್ಯಾಮೆರಾದಲ್ಲಿ ಆಟವನ್ನು ಚಿತ್ರೀಕರಿಸಿ ಕ್ಯಾಸೆಟ್ ಮಾಡಿ ಮಾರಿದರು. ಮಾರ್ಕ್ ಗೊನ್ಸಾಲೆಸ್ ಮುಂದಾಳಾಗಿದ್ದ ‘ಬ್ಲೈಂಡ್’ ಕಂಪನಿಗಾಗಿ 1991ರಲ್ಲಿ ‘ವಿಡಿಯೋ ಡೇಸ್’ ಎಂಬ ಕ್ಯಾಸೆಟ್ ಬಂತು. ಅದನ್ನು ನಿರ್ದೇಶಿಸಿದ ತರುಣ ಸ್ಪೈಕ್ ಜಾನ್ಜ್ ಮುಂದೆ ಹಾಲಿವುಡ್ಡಿನ ಹೆಸರಾಂತ ನಿರ್ದೇಶಕನಾದ. ಹಣವಿಲ್ಲದ ಕಾರಣಕ್ಕೆ ಎಲ್ಲವನ್ನೂ ತಾವೇ ಮಾಡಿಕೊಳ್ಳುವ ಈ ಅಭ್ಯಾಸವೇ ಅವರ ನಿಜವಾದ ಕಲಾಶಾಲೆಯಾಯಿತು.

ಲಡ್ಲೋ ಬೀದಿಯ ಅಂಗಡಿ ಮಳಿಗೆ

ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದ ಆಗ್ನೇಯ ಅಂಚಿನಲ್ಲಿ ಲೋವರ್ ಈಸ್ಟ್ ಸೈಡ್ ಎಂಬ ಭಾಗವಿದೆ. ಹತ್ತೊಂಬತ್ತನೆಯ ಶತಮಾನದಿಂದಲೂ ಅದು ವಲಸೆ ಬಂದವರ ನೆಲೆ. ಯುರೋಪಿನ ಯಹೂದಿಗಳು, ಬಳಿಕ ಪೋರ್ಟೊ ರಿಕೊದವರು ಇಕ್ಕಟ್ಟಾದ ವಠಾರಗಳಲ್ಲಿ ಬಾಳಿದರು. 1990ರ ದಶಕದ ಆರಂಭದಲ್ಲಿಯೂ ಅಲ್ಲಿ ಬಾಡಿಗೆ ಕಡಿಮೆಯಿತ್ತು. ಅದೇ ಕಾಲಕ್ಕೆ ಚಿತ್ರಕಲೆಯ ದೊಡ್ಡ ಮಾರುಕಟ್ಟೆಯೂ ಕುಸಿದಿತ್ತು. 1980ರ ದಶಕದಲ್ಲಿ ಹಣದ ಹೊಳೆ ಹರಿಸಿದ್ದ ಗ್ಯಾಲರಿಗಳು ಹೆಸರಿಲ್ಲದ ಹುಡುಗರ ಕಡೆ ನೋಡುವ ಸ್ಥಿತಿಯಲ್ಲಿರಲಿಲ್ಲ.

ಇಂಥ ಹೊತ್ತಿನಲ್ಲಿ, 1992ರಲ್ಲಿ, ಕ್ಯಾಲಿಫೋರ್ನಿಯಾದಿಂದ ಬಂದಿದ್ದ ಏರನ್ ರೋಸ್ ಎಂಬ ಇಪ್ಪತ್ತು ದಾಟಿದ ತರುಣ ಲಡ್ಲೋ ಬೀದಿಯ ಒಂದು ಅಂಗಡಿ ಮಳಿಗೆಯಲ್ಲಿ ಅಲೆಜ್ಡ್ ಗ್ಯಾಲರಿಯನ್ನು ತೆರೆದ. ಅಲ್ಲಿ ಸೇರಿದವರು ಅವನಂಥವರೇ: ಸ್ಕೇಟ್‌ಬೋರ್ಡ್ ಆಡುವವರು, ಗೋಡೆಗಳ ಮೇಲೆ ಗ್ರಾಫಿಟಿ ಬರೆಯುವವರು, ಪಂಕ್ ಮತ್ತು ಹಿಪ್‌ಹಾಪ್ ಸಂಗೀತವನ್ನು ಮೆಚ್ಚಿದವರು. ಚಿತ್ರಗಳ ಪಕ್ಕದಲ್ಲಿ ಹಲಗೆಗಳು, ಜೆರಾಕ್ಸ್ ಪುಟಗಳು, ಛಾಯಾಚಿತ್ರಗಳು ಗೋಡೆಯೇರಿದವು. ಪ್ರದರ್ಶನ ಆರಂಭವಾಗುವ ಸಂಜೆ ಗೆಳೆಯರ ಬಳಗ ಒಳಗೆ ಹಿಡಿಸಲಾರದೆ ಬೀದಿಯವರೆಗೂ ಚಾಚಿಕೊಳ್ಳುತ್ತಿತ್ತು. ಕೊಳ್ಳುವವರಿಗಿಂತ ನೋಡುವವರೇ ಹೆಚ್ಚು. ‘ಇದು ಕಲೆಯೇ ಅಲ್ಲವೇ?’ ಎಂದು ತೀರ್ಪು ಕೊಡುವ ಹಿರಿಯರ ಅಪ್ಪಣೆಗಾಗಿ ಅವರು ಕಾಯಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

1994ರಲ್ಲಿ ಅದೇ ನಗರದ ಲಫಾಯೆಟ್ ಬೀದಿಯಲ್ಲಿ ‘ಸುಪ್ರೀಮ್’ ಎಂಬ ಚಿಕ್ಕ ಸ್ಕೇಟ್‌ಬೋರ್ಡ್ ಅಂಗಡಿಯೊಂದು ತೆರೆಯಿತು. 1995ರಲ್ಲಿ ಇದೇ ಬೀದಿಗಳ ಹುಡುಗರ ಬದುಕನ್ನು ಕುರಿತು ಲ್ಯಾರಿ ಕ್ಲಾರ್ಕ್ ನಿರ್ದೇಶಿಸಿದ ‘ಕಿಡ್ಸ್’ ಚಲನಚಿತ್ರ ತೆರೆಕಂಡಿತು. ಅದರ ಚಿತ್ರಕಥೆ ಬರೆದ ಹಾರ್ಮನಿ ಕೊರೀನ್ ಆಗಿನ್ನೂ ಹರೆಯದ ಹುಡುಗ. ಅವನೂ ಈ ಬಳಗದವನೇ.

ಗೋಡೆಗೆ ಬಂದವರು

ಈ ಬಳಗದ ಕೆಲವರ ಪರಿಚಯ ಮಾಡಿಕೊಳ್ಳೋಣ.

ಮಾರ್ಕ್ ಗೊನ್ಸಾಲೆಸ್ 1968ರಲ್ಲಿ ಹುಟ್ಟಿದವನು. ಬೀದಿಯ ಕಂಬಿಗಳ ಮೇಲೆ ಹಲಗೆ ಜಾರಿಸಿದ ಮೊದಲಿಗರಲ್ಲಿ ಒಬ್ಬ. ಹಲಗೆಗೆ ತನ್ನದೇ ಕೈಯ ಒರಟು ಚಿತ್ರಗಳನ್ನು ಬರೆದುಕೊಂಡ. 1998ರಲ್ಲಿ ಜರ್ಮನಿಯ ಮ್ಯೋನ್ಷನ್‌ಗ್ಲಾಡ್‌ಬಾಖ್ ನಗರದ ಕಲಾ ವಸ್ತುಸಂಗ್ರಹಾಲಯದೊಳಗೆ, ಕತ್ತಿವರಸೆಯ ಬಿಳಿ ಉಡುಪು ತೊಟ್ಟು, ಕಲಾಕೃತಿಗಳ ನಡುವೆ ಸ್ಕೇಟ್‌ಬೋರ್ಡಿನ ಮೇಲೆ ಸುತ್ತಾಡಿದ. ಇದನ್ನು ಶೆರಿಲ್ ಡನ್ ಎಂಬ ಛಾಯಾಗ್ರಾಹಕಿ ಚಿತ್ರೀಕರಿಸಿದಳು. ಕಾವಲುಗಾರ ಹೊರದಬ್ಬಬೇಕಾದ ಹುಡುಗನನ್ನು ವಸ್ತುಸಂಗ್ರಹಾಲಯವೇ ಒಳಗೆ ಕರೆಸಿಕೊಂಡ ಗಳಿಗೆ ಅದು.

ಎಡ್ ಟೆಂಪಲ್ಟನ್ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚಿನವನು, ವೃತ್ತಿನಿರತ ಆಟಗಾರ. ಚಿತ್ರಕಲೆ, ಛಾಯಾಗ್ರಹಣಗಳನ್ನು ತಾನೇ ಕಲಿತ. ‘ಟಾಯ್ ಮೆಷಿನ್’ ಎಂಬ ತನ್ನ ಕಂಪನಿಯ ಹಲಗೆಗಳಿಗೆ ತಾನೇ ಚಿತ್ರ ಬರೆದ. ಊರೂರು ಸುತ್ತುವಾಗ ಕಂಡ ಹರೆಯದವರ ಬದುಕನ್ನು, ಅದರ ಬೇಸರ, ಗಾಯ, ಪ್ರೀತಿಗಳ ಸಮೇತ ಛಾಯಾಚಿತ್ರಗಳಲ್ಲಿ ಹಿಡಿದ. ಈ ಕಂಪನಿಯ 1996ರ ವಿಡಿಯೋದಲ್ಲಿ ಎಲಿಸಾ ಸ್ಟೀಮರ್ ಎಂಬ ಯುವತಿಯೂ ಕಾಣಿಸಿಕೊಂಡಳು. ಹುಡುಗರೇ ತುಂಬಿದ್ದ ಆ ಲೋಕದಲ್ಲಿ ಅದು ಸಣ್ಣ ಮಾತಲ್ಲ.

ಸ್ಯಾನ್ ಫ್ರಾನ್ಸಿಸ್ಕೊ ನಗರದ ಮಿಷನ್ ಎಂಬ ಬಡಾವಣೆಯಲ್ಲಿ ಇನ್ನೊಂದು ಗುಂಪು ಬೆಳೆಯುತ್ತಿತ್ತು. ‘ಟ್ವಿಸ್ಟ್’ ಎಂಬ ಹೆಸರಿನಲ್ಲಿ ಗೋಡೆಗಳ ಮೇಲೆ ಬರೆಯುತ್ತಿದ್ದ ಬ್ಯಾರಿ ಮೆಗೀ, ಜೋಲು ಮುಖದ, ದಣಿದ ಕಣ್ಣಿನ ಗಂಡಸರನ್ನು ಚಿತ್ರಿಸಿದ. ಬೀದಿಯಲ್ಲಿ ಮಲಗುವ ಮನೆಯಿಲ್ಲದವರನ್ನು ನೆನಪಿಸುವ ಈ ಮುಖಗಳನ್ನು ಎಸೆದ ಮದ್ಯದ ಬಾಟಲಿಗಳ ಮೇಲೂ ಬರೆದ. ಮನೆಗಳಿಗೆ ಸುಣ್ಣಬಣ್ಣ ಬಳಿದು ಬದುಕುತ್ತಿದ್ದ ಕ್ರಿಸ್ ಜೊಹಾನ್ಸನ್ ಕೂಡ ಈ ಗುಂಪಿನವನೇ.

ಮೆಗೀಯ ಪತ್ನಿ ಮಾರ್ಗರೆಟ್ ಕಿಲ್‌ಗ್ಯಾಲನ್ ಇವರೆಲ್ಲರಲ್ಲಿ ಬಹಳ ವಿಶಿಷ್ಟಳು. ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳನ್ನು ದುರಸ್ತಿ ಮಾಡುವುದು ಅವಳ ಕೆಲಸ. ಹಳೆಯ ಅಚ್ಚಿನ ಅಕ್ಷರಗಳು, ಅಂಗಡಿಗಳ ಮುಂದೆ ಕೈಯಿಂದ ಬರೆದ ನಾಮಫಲಕಗಳು, ಗೂಡ್ಸ್ ರೈಲಿನ ಡಬ್ಬಿಗಳ ಮೇಲೆ ರೈಲ್ವೆ ಕೆಲಸಗಾರರು, ಅಲೆಮಾರಿಗಳು ಬರೆದ ಗುರುತುಗಳು ಅವಳಿಗೆ ಸ್ಫೂರ್ತಿ. ಅವಳು ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳನ್ನೂ, ನಡೆಯುವ, ಈಜುವ, ಸರ್ಫಿಂಗ್ ಮಾಡುವ, ಬ್ಯಾಂಜೊ ನುಡಿಸುವ ಹೆಂಗಸರನ್ನೂ ಬರೆದಳು. ಯಂತ್ರದ ಸಹಾಯವಿಲ್ಲದೆ ಎಳೆದ ಗೆರೆಯಲ್ಲಿ ಕೈಯ ಸಣ್ಣ ನಡುಕ ಕಾಣಬೇಕು, ಮನುಷ್ಯ ಬರೆದನೆಂಬುದಕ್ಕೆ ಅದೇ ಗುರುತು ಎಂಬುದು ಅವಳ ನಿಲುವು. ಲಾರಿಯ ಹಿಂಬದಿಯ ಅಕ್ಷರಗಳನ್ನೂ ಅಂಗಡಿಯ ಬೋರ್ಡುಗಳನ್ನೂ ಕೈಯಲ್ಲೇ ಬರೆಯುವ ಕಲಾವಿದರನ್ನು ಕಂಡಿರುವ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ. 2001ರ ಜೂನ್‌ನಲ್ಲಿ, ಮಗಳು ಹುಟ್ಟಿದ ಕೆಲವೇ ವಾರಗಳಲ್ಲಿ, ಕಿಲ್‌ಗ್ಯಾಲನ್ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು. ಆಗ ಅವಳ ವಯಸ್ಸು ಕೇವಲ 33.

ಇನ್ನೊಬ್ಬ ಶೆಪರ್ಡ್ ಫೇರಿ. ರೋಡ್ ಐಲ್ಯಾಂಡಿನ ಕಲಾಶಾಲೆಯಲ್ಲಿ ಓದುತ್ತಾ, ಸ್ಕೇಟ್‌ಬೋರ್ಡ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಇವನು 1989ರಲ್ಲಿ ಕುಸ್ತಿಪಟು ‘ಆಂದ್ರೆ ದಿ ಜೈಂಟ್’ನ ಮುಖವಿರುವ ಸ್ಟಿಕ್ಕರನ್ನು ಮಾಡಿ ಊರೆಲ್ಲ ಅಂಟಿಸಿದ. ಆ ಸ್ಟಿಕ್ಕರ್ ಏನನ್ನೂ ಮಾರುತ್ತಿರಲಿಲ್ಲ, ಯಾರಿಗೂ ಮತ ಕೇಳುತ್ತಿರಲಿಲ್ಲ. ಆದ್ದರಿಂದಲೇ ನೋಡಿದವರು ‘ಇದೇನು?’ ಎಂದು ಯೋಚಿಸಿದರು.

ವಸ್ತುಸಂಗ್ರಹಾಲಯದ ಬಾಗಿಲು ತೆರೆದಾಗ

ಹೊಸ ಶತಮಾನದ ಆರಂಭದಲ್ಲಿ ಗಾಳಿ ಬೇರೆ ಕಡೆಗೆ ತಿರುಗಿತು. 2001ರಲ್ಲಿ ಬ್ಯಾರಿ ಮೆಗೀ ಮತ್ತು ಅವನ ಇಬ್ಬರು ಗೆಳೆಯರ ‘ಸ್ಟ್ರೀಟ್ ಮಾರ್ಕೆಟ್’ ಎಂಬ ಕೃತಿ ವೆನಿಸ್ ನಗರದ ಅಂತಾರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದ ದ್ವೈವಾರ್ಷಿಕ ಪ್ರದರ್ಶನದಲ್ಲಿ ಜೊಹಾನ್ಸನ್ ಮತ್ತು ದಿವಂಗತ ಕಿಲ್‌ಗ್ಯಾಲನ್ನಳ ಕೃತಿಗಳಿದ್ದವು. ಅದೇ ವರ್ಷ ಅಲೆಜ್ಡ್ ಗ್ಯಾಲರಿ ಮುಚ್ಚಿತು. ಮಕ್ಕಳು ದೊಡ್ಡವರಾಗಿ ಹೊರಟ ಮೇಲೆ ಬೀಗ ಹಾಕಿದ ಮನೆಯಂತಾಯಿತು ಅದರ ಸ್ಥಿತಿ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಏರನ್ ರೋಸ್ ಮತ್ತು ಕ್ರಿಶ್ಚಿಯನ್ ಸ್ಟ್ರೈಕ್ ಸೇರಿ ಈ ಕಲಾವಿದರ ಕೃತಿಗಳನ್ನೆಲ್ಲ ಒಟ್ಟುಗೂಡಿಸಿ ‘ಬ್ಯೂಟಿಫುಲ್ ಲೂಸರ್ಸ್’, ಅಂದರೆ ‘ಸುಂದರವಾಗಿ ಸೋತವರು’, ಎಂಬ ಪ್ರದರ್ಶನವನ್ನು ರೂಪಿಸಿದರು. 2004ರಲ್ಲಿ ಸಿನ್ಸಿನಾಟಿ ನಗರದ ಸಮಕಾಲೀನ ಕಲಾಕೇಂದ್ರದಲ್ಲಿ ಅದು ಆರಂಭವಾಯಿತು. ಜಹಾ ಹದೀದ್ ವಿನ್ಯಾಸ ಮಾಡಿದ ಆ ಕೇಂದ್ರದ ಕಟ್ಟಡ ಹಿಂದಿನ ವರ್ಷವಷ್ಟೇ ತೆರೆದಿತ್ತು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ, ಇತರ ನಗರಗಳಿಗೆ, ಮುಂದೆ ಯುರೋಪಿಗೂ ಪ್ರದರ್ಶನ ಸಾಗಿತು. 2005ರಲ್ಲಿ ಗ್ಯಾಲರಿಯ ಹತ್ತು ವರ್ಷಗಳ ಇತಿಹಾಸ ಪುಸ್ತಕವಾಗಿ ಬಂತು. 2008ರಲ್ಲಿ ಪ್ರದರ್ಶನದ ಹೆಸರಿನಲ್ಲೇ ಸಾಕ್ಷ್ಯಚಿತ್ರ ಹೊರಬಂತು.

ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅರಮನೆಯ ಇತಿಹಾಸಕ್ಕೆ ಶಾಸನಗಳಿವೆ, ಸರಕಾರದ ಇತಿಹಾಸಕ್ಕೆ ಕಡತಗಳಿವೆ. ಒಂದು ಅಂಗಡಿ ಮಳಿಗೆಯ ಇತಿಹಾಸಕ್ಕೆ ಆಕರ ಯಾವುದು? ಜೆರಾಕ್ಸ್ ಮಾಡಿದ ಆಹ್ವಾನಪತ್ರ, ಸ್ಟಿಕ್ಕರ್, ವಿಡಿಯೋ ಕ್ಯಾಸೆಟ್, ಸವೆದ ಹಲಗೆ, ಗೆಳೆಯರು ತೆಗೆದ ಫೋಟೋ, ಬದುಕಿರುವವರ ನೆನಪು. ಯಾರಾದರೂ ಇವನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಡದಿದ್ದರೆ ಆ ಇತಿಹಾಸವೇ ಇರುವುದಿಲ್ಲ. ನಿಮ್ಮ ಊರಿನ ನಾಟಕ ಸಂಘ, ವಾಚನಾಲಯ, ಕ್ರಿಕೆಟ್ ತಂಡಗಳಿಗೂ ಈ ಮಾತು ಅನ್ವಯಿಸುತ್ತದೆ.

ಗೆಲುವೋ, ಸೋಲೋ?

‘ಸೋತವರು’ ಎಂದು ತಮ್ಮನ್ನು ಕರೆದುಕೊಂಡವರು ಗೆದ್ದ ಮೇಲೆ ಏನಾಯಿತು? ಫೇರಿ 2008ರಲ್ಲಿ ಬರಾಕ್ ಒಬಾಮಾ ಅವರ ಚುನಾವಣೆಗಾಗಿ ರಚಿಸಿದ ‘ಹೋಪ್’ ಭಿತ್ತಿಚಿತ್ರ ಜಗತ್ಪ್ರಸಿದ್ಧವಾಯಿತು. ಮರುವರ್ಷ ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿ ಅದರ ಒಂದು ಪ್ರತಿಯನ್ನು ಸ್ವೀಕರಿಸಿತು. ಅದೇ 2009ರ ಫೆಬ್ರವರಿಯಲ್ಲಿ ಬಾಸ್ಟನ್ನಿನ ಕಲಾಕೇಂದ್ರದಲ್ಲಿ ತನ್ನದೇ ಪ್ರದರ್ಶನದ ಸಮಾರಂಭಕ್ಕೆ ಹೊರಟಿದ್ದ ಅವನನ್ನು ಗೋಡೆಗಳ ಮೇಲೆ ಚಿತ್ರ ಅಂಟಿಸಿದ ಆರೋಪದಲ್ಲಿ ಪೊಲೀಸರು ಬಂಧಿಸಿದರು. ಒಂದೇ ಊರು, ಒಂದೇ ಕೈ. ಒಳಗಿನ ಗೋಡೆಗೆ ಬಂದರೆ ಕಲೆ, ಹೊರಗಿನ ಗೋಡೆಗೆ ಬಂದರೆ ಅಪರಾಧ. ಗೋಡೆಯ ಮಾಲೀಕನ ಹಕ್ಕಿಗೂ ಬೆಲೆಯಿದೆ ಎಂಬುದು ನಿಜ. ಆದರೆ ನಗರದ ಗೋಡೆಗಳನ್ನು ಹಣ ಕೊಟ್ಟ ಜಾಹೀರಾತುಗಳಷ್ಟೇ ತುಂಬಬೇಕೇ ಎಂಬ ಪ್ರಶ್ನೆಯೂ ಅಷ್ಟೇ ನಿಜ.

ಹಣದ ಕಥೆ ಇನ್ನೂ ವಿಚಿತ್ರ. 2019ರ ಜನವರಿಯಲ್ಲಿ ಸದಬಿಸ್ ಎಂಬ ಹರಾಜು ಸಂಸ್ಥೆ ಸುಪ್ರೀಮ್ ಅಂಗಡಿಯ 248 ಹಲಗೆಗಳ ಸಂಗ್ರಹವನ್ನು 8 ಲಕ್ಷ ಡಾಲರಿಗೆ ಮಾರಿತು. 2020ರಲ್ಲಿ ಆ ಕಂಪನಿಯೇ 210 ಕೋಟಿ ಡಾಲರಿಗೆ ಮಾರಾಟವಾಯಿತು. ಸವೆಯಲೆಂದು ಮಾಡಿದ ಹಲಗೆಗಳನ್ನು ಒಂದು ಗೀರೂ ಬೀಳದಂತೆ ಗಾಜಿನ ಹಿಂದೆ ಇಡುವ ಕಾಲ ಬಂತು. ಲಡ್ಲೋ ಬೀದಿಯಲ್ಲಿ ಬಾಡಿಗೆ ಏರುತ್ತಾ ಹೋಗಿ, ಕಡಿಮೆ ಬಾಡಿಗೆಯನ್ನು ನಂಬಿ ಬಂದ ತರುಣರಿಗೆ ಅಲ್ಲಿ ಜಾಗವಿಲ್ಲದಾಯಿತು. ಕಲಾವಿದರು ಬಂದು ಬೀದಿಗೆ ಕಳೆ ತರುತ್ತಾರೆ. ಕಳೆ ಬಂದ ಬೀದಿಯಲ್ಲಿ ಬಾಡಿಗೆ ಏರುತ್ತದೆ. ಮೊದಲು ಗಂಟುಮೂಟೆ ಕಟ್ಟುವವರು ಅಲ್ಲಿನ ಹಳೆಯ ಬಡವರು, ಬಳಿಕ ಕಲಾವಿದರೇ. ನ್ಯೂಯಾರ್ಕಿನಲ್ಲಿ ಇದು ಮತ್ತೆ ಮತ್ತೆ ನಡೆದಿದೆ.

ಹಾಗೆಂದು ಎಲ್ಲವೂ ವ್ಯಾಪಾರವಾಯಿತು ಎನ್ನುವುದೂ ಅವಸರದ ಮಾತು. ಸ್ಕೇಟ್‌ಬೋರ್ಡಿಂಗ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರಿತು. ಮಹಿಳೆಯರ ಬೀದಿ ವಿಭಾಗದ ಚಿನ್ನದ ಪದಕ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ ಹದಿಮೂರೇ ವರ್ಷ. ನಮ್ಮ ಬೆಂಗಳೂರಿನಲ್ಲಿಯೂ 2013ರಲ್ಲಿ ‘ಹೋಲಿ ಸ್ಟೋಕ್ಡ್’ ಎಂಬ ತರುಣರ ಗುಂಪು, ಹೊರದೇಶದಿಂದ ಬಂದ ಸ್ಕೇಟರ್‌ಗಳ ಜೊತೆಗೂಡಿ, ಕಾಂಕ್ರೀಟಿನ ಸ್ಕೇಟ್‌ಪಾರ್ಕ್ ಒಂದನ್ನು ಕಟ್ಟಿತು. ಯಾರೋ ಕಟ್ಟಿಕೊಡಲಿ ಎಂದು ಕಾಯದೆ ತಾವೇ ಸಿಮೆಂಟು ಕಲಸುವ ಈ ಸ್ವಭಾವವೇ ಲಡ್ಲೋ ಬೀದಿಯ ಗ್ಯಾಲರಿಯ ಹಿಂದೆಯೂ ಇತ್ತು.

ವಿದ್ಯಾರ್ಥಿ ಮಿತ್ರರೇ, ಕಲೆಯ ಇತಿಹಾಸವನ್ನು ನಾವು ಸಾಮಾನ್ಯವಾಗಿ ರಾಜಾಶ್ರಯ, ಅಕಾಡೆಮಿ, ವಸ್ತುಸಂಗ್ರಹಾಲಯಗಳ ಕಡೆಯಿಂದ ಓದುತ್ತೇವೆ. ಇವು ಕಾಪಾಡುವ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಹೊಸದು ಮೊಳೆಯುವುದು ಮಾತ್ರ ಬಹಳ ಸಲ ಬೇರೆಡೆ: ಬಾಡಿಗೆ ಕಡಿಮೆಯಿರುವ ಬೀದಿಯಲ್ಲಿ, ಹಣಕ್ಕಿಂತ ಗೆಳೆತನ ಹೆಚ್ಚಿರುವ ಒಂದು ಕೋಣೆಯಲ್ಲಿ. ಅಲೆಜ್ಡ್ ಗ್ಯಾಲರಿ ಬದುಕಿದ್ದು ಹತ್ತೇ ವರ್ಷ. ಹಲಗೆಯ ಅಡಿಯ ಚಿತ್ರದ ಹಾಗೆ ಅದೂ ಬಳಕೆಯಲ್ಲೇ ಸವೆದು ಮುಗಿಯಿತು. ಆದರೆ ಅಷ್ಟರೊಳಗೆ, ಯಾರೂ ಕೇಳದಿದ್ದ ಹತ್ತಾರು ಹುಡುಗ ಹುಡುಗಿಯರಿಗೆ ‘ನಿನ್ನ ಚಿತ್ರ ತಾ, ಇಲ್ಲಿ ಗೋಡೆಯಿದೆ’ ಎಂದು ಹೇಳಿತ್ತು. ಒಂದು ಊರಿನಲ್ಲಿ ಹಾಗೆ ಹೇಳುವ ಕೋಣೆ ಇದೆಯೇ ಇಲ್ಲವೇ ಎಂಬುದರ ಮೇಲೆ ಅಲ್ಲಿನ ಎಳೆಯರ ಎಷ್ಟೋ ಪ್ರತಿಭೆಗಳ ಅಳಿವು ಉಳಿವು ನಿಂತಿರುತ್ತದೆ.